ತುಂಡು ನೂಲಿನ ಬೆಕ್ಕು

ಆ ಮನೆಯಲ್ಲಿ ಸಕ್ಕರೆ ಮುಗಿಯುತ್ತಿತ್ತು, ಸೋಪು ಮುಗಿಯುತ್ತಿತ್ತು, ಯಜಮಾನರ ತಾಳ್ಮೆಯೂ ಆಗಾಗ ಮುಗಿಯುತ್ತಿತ್ತು. ನೂಲು ಮಾತ್ರ ಯಾವತ್ತೂ ಮುಗಿದದ್ದಿಲ್ಲ. ಕ್ರೋಶಾ ಕಡ್ಡಿ ಹಿಡಿದು ಶಾಲು, ಟೋಪಿ, ಮೇಜಿನ ಹಾಸು ಎಂದು ಏನಾದರೊಂದು ಹೆಣೆಯುತ್ತಲೇ ಇರುವ ಮನೆಯೊಡತಿಗೆ ಬೀದಿಯವರು ನೂಲಕ್ಕ ಎಂದು ಹೆಸರಿಟ್ಟು ಎಷ್ಟೋ ಕಾಲವಾಗಿತ್ತು. ಒಂದು ಹೆಣಿಗೆ ಮುಗಿದ ಮೇಲೆ ಉಳಿದ ನೂಲನ್ನು ಎಸೆಯುವುದು ಅವಳ ಹಣೆಯಲ್ಲೇ ಬರೆದಿರಲಿಲ್ಲ. ದೊಡ್ಡ ಉಂಡೆಗಳು ಬಾಗಿಲ ಹಿಂದೆ ತೂಗುವ ಹಳೆಯ ದಿಂಬಿನ ಚೀಲಕ್ಕೆ. ಮೊಟ್ಟೆ ಗಾತ್ರದವು ಬಣ್ಣಕ್ಕೊಂದರಂತೆ ಚಪ್ಪಲಿ ಡಬ್ಬಗಳಿಗೆ, ಮೂಲೆಯಲ್ಲೊಂದು ನುಸಿಗುಳಿಗೆಯ ಸಮೇತ. ಎರಡು ಬೆರಳಿಗೆ ಸುತ್ತಿ ಸೊಂಟಕ್ಕೊಂದು ಗಂಟು ಹಾಕಿದ ಪುಟ್ಟ ಕಂತೆಗಳು ಮುಚ್ಚಳದ ಡಬ್ಬಿಗೆ. ಇನ್ನು ಕತ್ತರಿಸಿ ಬಿಟ್ಟ ತುದಿಗಳು, ಬಿಚ್ಚಿ ಬಿಚ್ಚಿ ಕೆಟ್ಟುಹೋದ ಎಳೆಗಳು, ಇಲಿಬಾಲದಷ್ಟುದ್ದದ ಚೂರುಗಳು ಕಿಟಕಿಯ ಪಕ್ಕದ ದೊಡ್ಡ ಗಾಜಿನ ಭರಣಿಗೆ ಬೀಳುತ್ತಿದ್ದವು. ಭರಣಿ ತುಂಬಿತೆಂದರೆ ನೂಲಕ್ಕ ಯಾರ ಮಗುವಿಗಾದರೂ ಒಂದು ಗೊಂಬೆ ಮಾಡುತ್ತಿದ್ದಳು. ಆ ಚೂರುಗಳೇ ಗೊಂಬೆಯ ಹೊಟ್ಟೆಗೆ ಹತ್ತಿ.

ಆ ದಿನ ಬೆಳಿಗ್ಗೆ ತಿಂಡಿ ಮುಗಿದು, ಯಜಮಾನರು ಕೆಲಸಕ್ಕೆ ಹೋಗಿ, ಪಾತ್ರೆಗಳು ಇನ್ನೂ ತೊಟ್ಟಿಯಲ್ಲೇ ಇದ್ದವು. ಪರೀಕ್ಷೆಗೆ ಓದಲೆಂದು ಮನೆಯಲ್ಲೇ ಉಳಿದಿದ್ದ ಮಗಳು ಒಂದು ಅಂಗಿ ತಂದು ತಾಯಿಯ ಮಡಿಲಿಗೆ ಹಾಕಿದಳು.

“ಕಾಲರ್ ಬಿಚ್ಚಿದೆ ಅಮ್ಮ. ಹೊಲಿದುಕೊಡು.”

“ನೀನೇ ಹೊಲಿಯೇ. ಕೈಯಿಲ್ವಾ?”

“ನಾನು ಹೊಲಿದ್ರೆ ಕಾಲರ್ ಬೆನ್ನಿಗೆ ಬರುತ್ತೆ. ಆಮೇಲೆ ನೀನೇ ಬಿಚ್ಚಿ ಹೊಲಿಬೇಕು. ನಿನಗೆ ಎರಡು ಕೆಲಸ ಆಗೋದು ಬೇಡ ಅಂತ.”

ನೂಲಕ್ಕ ನಗುತ್ತ ಸೂಜಿಯ ಡಬ್ಬಿ ತೆರೆದಳು. ನೂಲು ತೂರಿಸುವ ದಪ್ಪ ಮೊಂಡು ಸೂಜಿಗಳು ತಮ್ಮ ತಮ್ಮ ಜಾಗದಲ್ಲಿ ಮಲಗಿದ್ದವು. ಬಟ್ಟೆ ಹೊಲಿಯುವ ಚೂಪು ಸೂಜಿ, ಮನೆಗೆಲ್ಲ ಇದ್ದ ಒಂದೇ ಒಂದು ಸಣ್ಣ ಸೂಜಿ, ಇರಲಿಲ್ಲ. ಅದನ್ನು ಚುಚ್ಚಿಡುವ ಕೆಂಪು ಬಟ್ಟೆಯ ಮೇಲೆ ತೂತು ಮಾತ್ರ ಇತ್ತು.

“ಕೊನೇ ಸಲ ಯಾವುದಕ್ಕೆ ತಗೊಂಡಿದ್ದೆ?” ಮಗಳು ಕೇಳಿದಳು.

“ಬೆಕ್ಕಿನ ಕಣ್ಣಿಗೆ,” ಎಂದಳು ನೂಲಕ್ಕ. ಹಾಗೆಂದವಳ ಕೈ ಡಬ್ಬಿಯ ಮೇಲೆಯೇ ನಿಂತುಹೋಯಿತು.

ಬೆಕ್ಕಿನ ಗೊಂಬೆ ಹೋದ ವಾರ ಮಾಡಿದ್ದು. ವಾರಗಿತ್ತಿಯ ಮಗಳು ಗುಬ್ಬಿಗೆ. ಗುಬ್ಬಿಗೆ ಇನ್ನೂ ಎರಡು ತುಂಬಿಲ್ಲ; ಹೆಸರು ಬೇರೆ ಇದ್ದರೂ ಹಾರಿ ಹಾರಿ ನಡೆಯುವ ರೀತಿಗೆ ಎಲ್ಲರ ಬಾಯಲ್ಲೂ ಗುಬ್ಬಿಯೇ. ವಾರಗಿತ್ತಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಎಲ್ಲವನ್ನೂ ಮೂರು ಸಲ ತೊಳೆಯುವವಳು. ಕೂಸು ಹುಟ್ಟಿದಾಗ ನೂಲಕ್ಕ ಹೆಣೆದುಕೊಟ್ಟ ಟೋಪಿಯನ್ನು “ಎಳೆ ಬಾಯಿಗೆ ಹೋಗುತ್ತೆ ಅಕ್ಕ, ಬೇಜಾರು ಮಾಡ್ಕೋಬೇಡಿ” ಎಂದು ಮಡಿಸಿ ವಾಪಸು ಕೊಟ್ಟಿದ್ದಳು. ಬೇಜಾರಾಗಲಿಲ್ಲ ಎಂದು ನೂಲಕ್ಕ ಹೇಳಿದ್ದಳು, ಆಗಿತ್ತು. ಆಮೇಲೆ ಎಷ್ಟೋ ತಿಂಗಳು ಆ ಮನೆಗೆ ಏನನ್ನೂ ಹೆಣೆಯಲಿಲ್ಲ. ಅಂಥ ವಾರಗಿತ್ತಿ ಅದಕ್ಕೂ ಹಿಂದಿನ ವಾರ ತಾನಾಗಿ ಕೇಳಿದ್ದಳು.

“ಗುಬ್ಬಿಗೊಂದು ಗೊಂಬೆ ಮಾಡ್ಕೊಡ್ತೀರಾ ಅಕ್ಕ? ಗುಂಡಿ, ಮಣಿ, ಪ್ಲಾಸ್ಟಿಕ್ ಕಣ್ಣು ಯಾವ್ದೂ ಬೇಡ. ಇವಳ ಬಾಯಿ ಕಸದ ಡಬ್ಬಿ ಇದ್ದ ಹಾಗೆ, ಎಲ್ಲ ಹೋಗುತ್ತೆ.”

ಆದ್ದರಿಂದಲೇ ಕಣ್ಣನ್ನು ಕಪ್ಪು ದಾರದಲ್ಲಿ ಹೊಲಿದದ್ದು. ದಪ್ಪ ಸೂಜಿಯಲ್ಲಿ ಕಣ್ಣು ಗೂಬೆಯದ್ದಾಗುತ್ತದೆಂದು ಚೂಪು ಸೂಜಿ ತೆಗೆದದ್ದು. ಎರಡನೆಯ ಕಣ್ಣು ಮುಗಿಸಿ ದಾರ ಕತ್ತರಿಸುವ ಹೊತ್ತಿಗೆ ಒಲೆಯ ಮೇಲೆ ಹಾಲು ಉಕ್ಕಿತ್ತು. ಎದ್ದು ಓಡಿದ್ದಳು. ಒಲೆ ಒರೆಸಿ ಬಂದು, ಕುರ್ಚಿಯ ಮೇಲೆ ಚೆಲ್ಲಿದ್ದ ಚೂರುಗಳನ್ನೆಲ್ಲ ಒಂದೇ ಬೊಗಸೆಯಲ್ಲಿ ಬಾಚಿ ಭರಣಿಗೆ ಸುರಿದಿದ್ದಳು. ಅದೇ ಮಧ್ಯಾಹ್ನ ಭರಣಿಯಿಂದ ತೆಗೆತೆಗೆದು ಬೆಕ್ಕಿಗೆ ತುಂಬಿದ್ದಳು. ತಳ ಮುಚ್ಚಿದ್ದು ಮೊಂಡು ಸೂಜಿಯಲ್ಲಿ. ಚೂಪು ಸೂಜಿ ಮತ್ತೆ ಬೇಕಾಗಿರಲೇ ಇಲ್ಲ.

ದಾರ ಕತ್ತರಿಸಿದ ನೆನಪಿತ್ತು. ಉಳಿದ ದಾರದಿಂದ ಸೂಜಿ ಬಿಡಿಸಿದ ನೆನಪಿರಲಿಲ್ಲ.

ನೂಲಕ್ಕ ಎದ್ದು ಭರಣಿಯನ್ನು ಹಾಸಿನ ಮೇಲೆ ಬೋರಲು ಹಾಕಿದಳು. ಬೆಕ್ಕಿಗೆ ಹೋಗಿ ಮಿಕ್ಕ ಚೂರುಗಳು ಹಿಡಿಯಷ್ಟಿದ್ದವು. ಬೆರಳಲ್ಲಿ ಹರಡಿದಳು. ಇಲ್ಲ. ಫ್ರಿಜ್ಜಿಗೆ ಅಂಟಿಸಿದ್ದ ಟೊಮೆಟೊ ಆಕಾರದ ಅಯಸ್ಕಾಂತವನ್ನು ಕಿತ್ತು ತಂದು ರಾಶಿಯ ಮೇಲೆಲ್ಲ ಓಡಾಡಿಸಿದಳು. ಏನೂ ಅಂಟಲಿಲ್ಲ.

“ಏನಮ್ಮ, ನೂಲಿಗೆ ದೃಷ್ಟಿ ತೆಗೀತಿದ್ದೀಯಾ?” ಎಂದಳು ಮಗಳು. ತಾಯಿಯ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು. “ಏನಾಯ್ತು?”

ನೂಲಕ್ಕ ಹೇಳಿದಳು. ಹೇಳುವಾಗ ದನಿ ತಾನಾಗಿ ಸಣ್ಣದಾಯಿತು, ಪಕ್ಕದ ಮನೆಗೆ ಕೇಳೀತೇನೋ ಎಂಬಂತೆ.

“ಚಿಕ್ಕಮ್ಮಂಗೆ ಫೋನ್ ಮಾಡು,” ಎಂದಳು ಮಗಳು.

“ಮಾಡ್ತೀನಿ. ಈ ಕುರ್ಚಿ ಒಂದು ನೋಡಿಬಿಡ್ತೀನಿ ಮೊದ್ಲು.”

ಕುರ್ಚಿಯ ಮೆತ್ತೆ ತೆಗೆದಳು, ಸಂದಿಗೆ ಕೈ ಹಾಕಿದಳು. ಒಂದು ಪೆನ್ಸಿಲು ಸಿಕ್ಕಿತು, ಎರಡು ಕಡಲೆಬೀಜ ಸಿಕ್ಕವು. ಕುರ್ಚಿಯ ಕೆಳಗೆ ಗುಡಿಸಿದಳು, ಆ ಕಸವನ್ನು ಪೇಪರಿನ ಮೇಲೆ ಹಾಕಿ ಅಯಸ್ಕಾಂತ ಹಿಡಿದಳು. ಆ ದಿನ ಉಟ್ಟಿದ್ದ ಸೀರೆ ಯಾವುದು? ಅದನ್ನು ಕಪಾಟಿನಿಂದ ತೆಗೆದು ಮಡಿಕೆ ಮಡಿಕೆ ಬಿಡಿಸಿದಳು. ಸೂಜಿ ಮನೆಯಲ್ಲೇ ಎಲ್ಲೋ ಇದ್ದರೆ? ಇಲ್ಲದ್ದನ್ನು ಹೇಳಿ ಆ ಹುಡುಗಿಯ ಜೀವ ಹಾರಿಸಿದಂತಾಗುವುದಿಲ್ಲವೇ? ಇನ್ನೊಂದು ಕಡೆ ನೋಡಿಬಿಡೋಣ, ಸಿಕ್ಕಿಬಿಟ್ಟರೆ ಯಾರಿಗೂ ಏನೂ ಹೇಳುವ ಗೋಜೇ ಇಲ್ಲ. ಹೀಗೆ ಮನಸ್ಸು ಒಂದೊಂದೇ ಮೂಲೆ ತೋರಿಸುತ್ತ ಹೋಯಿತು, ನೂಲಕ್ಕ ಹಿಂದೆ ಹಿಂದೆ ಹೋದಳು. ಹುಡುಕುತ್ತಿರುವಷ್ಟು ಹೊತ್ತೂ ಕಣ್ಣ ಮುಂದೆ ಒಂದೇ ಚಿತ್ರ: ಬೆಕ್ಕಿನ ಕಿವಿ ಕಚ್ಚಿಕೊಂಡೇ ಮಲಗುವ ಗುಬ್ಬಿ.

“ಅಮ್ಮ, ನೀನು ಹುಡುಕ್ತಿರೋದು ಸೂಜೀನಾ, ನೆಪಾನಾ?” ಮಗಳು ಬಾಗಿಲಲ್ಲಿ ನಿಂತು ಕೇಳಿದಳು.

ಆ ಹುಡುಗಿಯ ನಾಲಗೆ ಯಾವಾಗಲೂ ಅಷ್ಟೇ, ತಂದೆಯದ್ದು. ನೂಲಕ್ಕ ಫೋನ್ ಎತ್ತಿಕೊಂಡಳು. ಅದು ಬಡಿದುಕೊಂಡು ಬಡಿದುಕೊಂಡು ನಿಂತಿತು. ಲ್ಯಾಬಿನಲ್ಲಿ ಕೆಲಸದ ಹೊತ್ತಿನಲ್ಲಿ ಫೋನು ಪೆಟ್ಟಿಗೆಯೊಳಗಿಡಬೇಕು ಎಂದು ವಾರಗಿತ್ತಿ ಹಿಂದೊಮ್ಮೆ ಹೇಳಿದ್ದಳು. ಉತ್ತರ ಬಾರದಿದ್ದಾಗ ನೂಲಕ್ಕನಿಗೆ ಒಂದು ಕ್ಷಣ ಹಾಯೆನಿಸಿತು. ಹಾಯೆನಿಸಿದ್ದು ಗೊತ್ತಾಗಿ ತನ್ನ ಮೇಲೇ ಅಸಹ್ಯವಾಯಿತು. ಮತ್ತೆ ಮಾಡಿದಳು. ಮತ್ತೆ ಅದೇ. ಮೈದುನ ದೂರದ ದಾರಿಯಲ್ಲಿ ಲಾರಿ ಓಡಿಸುತ್ತಿರುವವನು. ಅವನಿಗೆ ಇಂಥದ್ದನ್ನು ಹೇಳಿ ಕೈ ನಡುಗಿಸುವುದೇ? ಗುಬ್ಬಿ ಹಗಲೆಲ್ಲ ಇರುವ ಶಿಶುವಿಹಾರದ ನಂಬರು ಅವಳ ಬಳಿ ಇರಲಿಲ್ಲ. ಆದರೆ ದಾರಿ ಗೊತ್ತಿತ್ತು.

“ಅನ್ನದ ಕುಕ್ಕರ್ ಇಟ್ಟಿದ್ದೀನಿ, ನೋಡ್ಕೋ. ಚಿಕ್ಕಮ್ಮಂಗೆ ಫೋನ್ ಮಾಡ್ತಾನೇ ಇರು. ಎತ್ತಿದ ಕೂಡ್ಲೇ ಹೇಳು.”

“ಏನಂತ ಹೇಳ್ಲಿ?”

“ಇರೋದನ್ನ ಹೇಳು.”

ಮಗಳಿಗೆ ಅಷ್ಟು ಸುಲಭವಾಗಿ ಹೇಳಿದ ಮಾತು ಬಸ್ಸು ಹತ್ತಿ ಕೂತ ಮೇಲೆ ಅವಳಿಗೇ ಕಷ್ಟವಾಯಿತು. ಕೈಚೀಲದಲ್ಲಿ ಕತ್ತರಿ, ಕ್ರೋಶಾ ಕಡ್ಡಿ, ಮೊಂಡು ಸೂಜಿ, ಒಂದು ಕಂತೆ ನೂಲು, ಮುಷ್ಟಿಯಲ್ಲಿ ಟೊಮೆಟೊ ಅಯಸ್ಕಾಂತ. ಅದನ್ನೇಕೆ ಕೈಯಲ್ಲಿ ಹಿಡಿದು ಬಂದೆನೆಂದು ಅವಳಿಗೂ ತಿಳಿಯದು. ಬಸ್ಸು ಪ್ರತಿ ನಿಲ್ದಾಣದಲ್ಲೂ ಯಾರನ್ನೋ ಕಾಯುತ್ತ ನಿಲ್ಲುತ್ತಿತ್ತು. ಹೋದ ವಾರದಿಂದ ಆ ಮಗು ಬೆಕ್ಕನ್ನು ಅಪ್ಪಿದೆ, ಕಚ್ಚಿದೆ, ಅದರ ಮೇಲೆ ಬಿದ್ದಿದೆ, ಮಲಗಿದೆ. ಇಷ್ಟು ದಿನ ಏನೂ ಆಗಿಲ್ಲ ಎಂದರೆ ಸೂಜಿ ಅಲ್ಲಿಲ್ಲ ಎಂದು ಮನಸ್ಸು ಸಮಾಧಾನ ಹೇಳಿತು. ಮರುಗಳಿಗೆಯೇ ಅದೇ ಮನಸ್ಸು, ಸೂಜಿ ನಿಂತಲ್ಲಿ ನಿಲ್ಲುವ ವಸ್ತುವೇ, ದಿನವೂ ಅಮುಕಿದರೆ ಹೊರಗೆ ಹೊರಗೆ ಬರುತ್ತದೆ ಎಂದಿತು. ಒಂದು ಉಪಾಯವನ್ನೂ ಅದೇ ಹೇಳಿಕೊಟ್ಟಿತು. ಒಗೆದು ಕೊಡುತ್ತೇನೆಂದು ಬೆಕ್ಕನ್ನು ಇಸಿದುಕೊಂಡು ಬರುವುದು. ಮನೆಯಲ್ಲಿ ಬಿಚ್ಚಿ, ನೋಡಿ, ತುಂಬಿ, ಸಂಜೆಗೆ ಕೊಟ್ಟುಬಿಡುವುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಶಿಶುವಿಹಾರ ಒಂದು ಹಳದಿ ಮನೆ. ಗೇಟಿಗೆ ಮಕ್ಕಳ ಎತ್ತರಕ್ಕೊಂದು, ದೊಡ್ಡವರ ಎತ್ತರಕ್ಕೊಂದು ಅಗುಳಿ. ಹೊರಗೆ ಸಾಲಾಗಿ ಪುಟ್ಟ ಪುಟ್ಟ ಚಪ್ಪಲಿಗಳು, ಹೆಚ್ಚಿನವು ಎಡಬಲ ಅದಲುಬದಲು. ಟೀಚರು ತುಟಿಯ ಮೇಲೆ ಬೆರಳಿಟ್ಟುಕೊಂಡೇ ಬಾಗಿಲು ತೆರೆದರು.

“ಈಗಷ್ಟೇ ಮಲಗಿದ್ದಾರೆ. ನೀವು ಗುಬ್ಬಿಯ ದೊಡ್ಡಮ್ಮ ಅಲ್ವಾ? ಬೆಕ್ಕಿನ ದೊಡ್ಡಮ್ಮ?”

“ಹೌದು. ಅದೇ, ಆ ಬೆಕ್ಕನ್ನ ಸ್ವಲ್ಪ ಕೊಟ್ರೆ… ಕೊಳೆ ಆಗಿರುತ್ತೆ, ಒಗೆದು ತಂದ್ಕೊಡ್ತೀನಿ.”

“ಕೊಳೆನಾ?” ಟೀಚರು ಮೆಲ್ಲಗೆ ನಕ್ಕರು. “ಅವಳಮ್ಮ ನಿನ್ನೆ ತಾನೇ ಒಗೆದು ಒಣಗಿಸಿ ತಂದಿದ್ದಾರೆ. ಈ ಕಟ್ಟಡದಲ್ಲಿ ನಮಗಿಂತ ಶುಭ್ರವಾಗಿರೋದು ಆ ಬೆಕ್ಕೊಂದೇ. ಅದಿಲ್ದೇ ಎಚ್ಚರ ಆದ್ರೆ ಊರು ಒಂದು ಮಾಡ್ತಾಳೆ. ಸಂಜೆ ಬನ್ನಿ, ಅವರಮ್ಮಂಗೆ ಹೇಳಿ ತಗೊಂಡು ಹೋಗಿ.”

ಬಾಗಿಲು ಮುಚ್ಚುವುದಕ್ಕೆ ಟೀಚರು ಕೈ ಇಟ್ಟರು. ನೂಲಕ್ಕ ಅದರ ಮೇಲೆ ತನ್ನ ಕೈ ಇಟ್ಟಳು.

“ಟೀಚರೇ, ಸುಳ್ಳು ಹೇಳಿದೆ. ಅದರ ಹೊಟ್ಟೆ ಒಳಗೆ ಸೂಜಿ ಇರಬಹುದು. ನಾನೇ, ಗೊತ್ತಿಲ್ದೆ ತುಂಬಿಬಿಟ್ಟಿದ್ದೀನಿ ಅನ್ಸುತ್ತೆ.”

ಟೀಚರ ಮುಖದಿಂದ ನಗು ಇಳಿಯಿತು. ಅವರು ಒಳಗೆ ನಡೆದರು. ನೂಲಕ್ಕ ಚಪ್ಪಲಿ ಬಿಟ್ಟು ಹಿಂದೆ ಹೋದಳು.

ಪರದೆ ಎಳೆದ ಕೋಣೆಯಲ್ಲಿ ಪುಟ್ಟ ಹಾಸಿಗೆಗಳ ಮೇಲೆ ಮಕ್ಕಳು ಚೆಲ್ಲಿದಂತೆ ಮಲಗಿದ್ದರು. ಗುಬ್ಬಿ ಗೋಡೆಯ ಕಡೆ. ಪಟ್ಟೆಪಟ್ಟೆಯ ಬೆಕ್ಕಿನ ಕತ್ತಿಗೆ ಒಂದು ತೋಳು ಸುತ್ತಿ, ಅದರ ಎಡಗಿವಿಯನ್ನು ಬಾಯಲ್ಲಿಟ್ಟುಕೊಂಡು, ಉಸಿರಾಡಿದಾಗಲೆಲ್ಲ ಕಿವಿಯ ತುದಿ ಅಲುಗುತ್ತಿತ್ತು. ನೂಲಕ್ಕ ಮಂಡಿಯೂರಿದಳು. ಎಷ್ಟೋ ಮಕ್ಕಳ ಕೈಯಿಂದ ನಿದ್ದೆಗೆಡಿಸದೆ ಗಿಲಕಿ ಬಿಡಿಸಿದ ಕೈ ಅದು, ಈಗ ಕಲ್ಲಾಗಿತ್ತು. ಎಳೆದರೆ ಕತ್ತು ಮಡಚುತ್ತದೆ, ಮಡಚಿದರೆ ಒಳಗಿನದ್ದು ಯಾವ ಕಡೆ ತಿರುಗೀತೋ. ಟೀಚರು ಮಗುವಿನ ತೋಳನ್ನು ಹೂವಿನಂತೆ ಎತ್ತಿ ಹಿಡಿದರು. ನೂಲಕ್ಕ ಒದ್ದೆ ಕಿವಿಯನ್ನು ತುಟಿಗಳ ನಡುವಿನಿಂದ ಎಳೆಎಳೆಯಾಗಿ ಬಿಡಿಸಿ, ಬೆಕ್ಕನ್ನು ಮಡಚದೆ, ಹಲಗೆ ಎತ್ತುವಂತೆ ಅಡ್ಡಡ್ಡ ಎತ್ತಿದಳು. ಗುಬ್ಬಿಯ ಬಾಯಿ ಗಾಳಿಯನ್ನು ಚೀಪಿತು, ಹುಬ್ಬು ಗಂಟಾಯಿತು. ನೂಲಕ್ಕ ತನ್ನ ಹೆಗಲ ಮೇಲಿನ ಶಾಲಿನ ಚುಂಗನ್ನು ಆ ಮುಷ್ಟಿಗೆ ಕೊಟ್ಟಳು. ಹುಬ್ಬು ಸಡಿಲವಾಯಿತು. ಶಾಲನ್ನು ಅಲ್ಲೇ ಬಿಟ್ಟು ಎದ್ದಳು.

ಅಡುಗೆಮನೆಯಲ್ಲಿ ಟೀಚರು ದೊಡ್ಡದೊಂದು ಸ್ಟೀಲ್ ತಟ್ಟೆ ಇಟ್ಟು, ಲ್ಯಾಬಿನ ಕಚೇರಿಯ ನಂಬರಿಗೆ ಫೋನ್ ಮಾಡಲು ಹೋದರು. ನೂಲಕ್ಕ ಅಯಸ್ಕಾಂತವನ್ನು ಬೆಕ್ಕಿನ ಬೆನ್ನಿನ ಮೇಲೆ, ಹೊಟ್ಟೆಯ ಮೇಲೆ, ತಲೆಯ ಸುತ್ತ ಒತ್ತಿ ಒತ್ತಿ ಓಡಿಸಿದಳು. ಕೈಗೆ ಯಾವ ಸೆಳೆತವೂ ಗೊತ್ತಾಗಲಿಲ್ಲ. ಇನ್ನೊಮ್ಮೆ ಓಡಿಸಿದಳು.

“ಬರ್ತಿದ್ದಾರೆ,” ಎನ್ನುತ್ತ ಟೀಚರು ಬಂದರು. “ಸಿಕ್ತಾ?”

“ಅಯಸ್ಕಾಂತಕ್ಕೆ ಏನೂ ಸಿಕ್ತಿಲ್ಲ.”

“ಅಬ್ಬ. ಹಾಗಾದ್ರೆ ಇಲ್ಲ ಬಿಡಿ. ಸುಮ್ನೆ ಹೆದರಿಸಿಬಿಟ್ರಿ.”

ಇಲ್ಲಿಗೇ ನಿಲ್ಲಿಸಬಹುದಿತ್ತು. ಬೆಕ್ಕು ಇಡಿಯಾಗಿ ಮಗುವಿನ ಪಕ್ಕಕ್ಕೆ ಹಿಂತಿರುಗುತ್ತಿತ್ತು. ವಾರಗಿತ್ತಿ ಬಂದರೆ, ಏನೂ ಇರಲಿಲ್ಲ ಮಾರಾಯ್ತಿ, ನನ್ನದೇ ಭ್ರಮೆ ಎಂದು ನಗಬಹುದಿತ್ತು. ನೂಲಕ್ಕ ಬೆಕ್ಕನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಟೊಮೆಟೊ ಫ್ರಿಜ್ಜಿನ ಮೇಲೆ ಒಂದು ಕಾಗದವನ್ನು ಹಿಡಿದಿಡುವುದಕ್ಕೇ ತಿಣುಕುವಂಥದ್ದು. ಇಷ್ಟು ದಪ್ಪ ನೂಲಿನಾಚೆಗೆ ಅದರ ಶಕ್ತಿ ಎಷ್ಟು?

“ಇಲ್ಲ ಟೀಚರೇ. ಬಿಚ್ಚೇ ನೋಡ್ತೀನಿ.”

ಬಿಚ್ಚುವುದೂ ಸುಲಭವಿರಲಿಲ್ಲ. ತಳ ಮುಚ್ಚಿದ ಮೇಲೆ ನೂಲಿನ ತುದಿಯನ್ನು ಹೆಣಿಗೆಯ ಒಳಗೊಳಗೇ ಮೂರು ದಿಕ್ಕಿಗೆ ಓಡಿಸಿ ಅಡಗಿಸುವುದು ಅವಳ ಪದ್ಧತಿ. ಯಾವ ಮಗು ಎಳೆದರೂ ಬರಬಾರದು ಎಂದು. ಅಷ್ಟು ಜಾಣತನದಿಂದ ಅಡಗಿಸಿದ ತುದಿ ಈಗ ಅವಳಿಗೇ ಸಿಗಲಿಲ್ಲ. ಕಡೆಗೆ ನಟ್ಟ ನಡುವಿನ ಒಂದು ಎಳೆಗೆ ಕತ್ತರಿ ಹಾಕಿದಳು. ತಾನು ಹೆಣೆದದ್ದಕ್ಕೆ ತಾನೇ ಕತ್ತರಿ ಹಾಕುವಾಗ ಹಲ್ಲು ತಾನಾಗಿ ಕಚ್ಚಿಕೊಂಡಿತು. ಕೆಳಗಿನ ಸುತ್ತುಗಳು ಸರಸರನೆ ಬಿಚ್ಚಿಕೊಂಡವು. ಎರಡು ಬೆರಳು ಹೋಗುವಷ್ಟು, ಆಮೇಲೆ ನಾಲ್ಕು.

“ಬೆರಳು ಹುಷಾರು,” ಎಂದರು ಟೀಚರು.

“ನನ್ನ ಬೆರಳಿಗೆ ಚುಚ್ಚಿದ್ರೆ ಪುಣ್ಯ.”

ಚಿಟಿಕೆ ಚಿಟಿಕೆಯಾಗಿ ಹೊಟ್ಟೆ ಹೊರಗೆ ಬಂತು. ಪ್ರತಿ ಚಿಟಿಕೆಯನ್ನೂ ತಟ್ಟೆಯ ಮೇಲೆ ತೆಳ್ಳಗೆ ಹರಡಿ ನೋಡಿದಳು. ಪಾಚಿಬಣ್ಣದ್ದು ಯಜಮಾನರ ಮಫ್ಲರಿನದು. ಅದನ್ನು ಸುತ್ತಿಕೊಂಡರೆ ಕೆಮ್ಮು ಬರುತ್ತದೆ ಎಂದು ಅವರು ಈಗಲೂ ವಾದಿಸುತ್ತಾರೆ. ಕಿತ್ತಳೆಯದು ಮಗಳ ಮೊದಲ ಸ್ವೆಟರಿನದು, ಒಂದು ತೋಳು ಉದ್ದ ಒಂದು ಗಿಡ್ಡ ಆದದ್ದು. ಬಿಳಿಯದು ವಾಪಸು ಬಂದ ಟೋಪಿಯದು. ಬಿಚ್ಚಿ ಉಂಡೆ ಮಾಡಿದ್ದಳು, ಆದರೆ ಯಾವುದಕ್ಕೂ ಬಳಸಲು ಮನಸ್ಸಾಗದೆ ಚೂರು ಚೂರೇ ಖರ್ಚಾಗಿತ್ತು. ಬೇರೆ ದಿನವಾಗಿದ್ದರೆ ಟೀಚರಿಗೆ ಒಂದೊಂದರ ಕಥೆ ಹೇಳುತ್ತಿದ್ದಳು. ಈ ದಿನ ಒಂದೊಂದು ಬಣ್ಣವೂ ಬರಿಯ ಅಡ್ಡಿ. ಕಪ್ಪು ಎಳೆ ಕಂಡಲ್ಲೆಲ್ಲ ಉಸಿರು ನಿಲ್ಲುತ್ತಿತ್ತು. ಎಳೆದರೆ ಬರಿಯ ಎಳೆ.

ಹೊಟ್ಟೆ ಬರಿದಾಯಿತು. ಸೂಜಿಯಿಲ್ಲ.

“ನೋಡಿದ್ರಾ, ಇಲ್ಲ,” ಎಂದರು ಟೀಚರು, ಈ ಸಲ ಅಷ್ಟು ಖಚಿತವಾಗಿ ಅಲ್ಲ.

ತೋಳು ಕಾಲುಗಳಿಗೂ ಬಾಲಕ್ಕೂ ಏನೂ ತುಂಬಿರಲಿಲ್ಲ, ಅವು ಬರಿಯ ಹೆಣಿಗೆ. ಉಳಿದದ್ದು ತಲೆ. ತಲೆಗೂ ಹೊಟ್ಟೆಗೂ ನಡುವೆ ಕತ್ತು, ಬೆರಳಿಗೆ ಮರದ ತುಂಡಿನಂತೆ ಗಟ್ಟಿ ಸಿಗುತ್ತಿತ್ತು. ಗೊಂಬೆಯ ಕತ್ತು ಲೊಡಲೊಡ ಅಲುಗಬಾರದೆಂದು ಅಲ್ಲಿ ಮಾತ್ರ ಚೂರುಗಳನ್ನು ಕ್ರೋಶಾ ಕಡ್ಡಿಯ ಹಿಂಬದಿಯಿಂದ ಒತ್ತಿ ಒತ್ತಿ ತುಂಬುತ್ತಾರೆ. ಅವಳೂ ಹಾಗೇ ತುಂಬಿದ್ದಳು, ಮೈಮೇಲಿನ ಶಕ್ತಿಯನ್ನೆಲ್ಲ ಹಾಕಿ. ಗುಬ್ಬಿ ತೋಳು ಸುತ್ತಿ ಮಲಗುವುದು ಆ ಕತ್ತಿಗೇ.

ಬೆರಳು ಒಳಗೆ ಹೋಗದಾಯಿತು. ಕಡ್ಡಿಯ ಕೊಕ್ಕೆಯನ್ನು ಹಾಕಿ ಮೆಲ್ಲಗೆ ಎಳೆದಳು. ಒಂದು ನೀಲಿ ಎಳೆ. ಇನ್ನೊಂದು. ಆಮೇಲೆ ತೆಳ್ಳನೆಯ ಕಪ್ಪು ದಾರದ ಬಾಲ ಕಂಡಿತು. ಅದನ್ನು ಹಿಡಿದು ಎಳೆದಾಗ ಮೊದಲ ಬಾರಿಗೆ ಆ ಕಡೆಯಿಂದ ಏನೋ ತಡೆದಂತಾಯಿತು. ನೂಲಕ್ಕ ಎಳೆಯುವುದನ್ನು ನಿಲ್ಲಿಸಿದಳು. ಕತ್ತಿನ ಸುತ್ತಲ ಚೂರುಗಳನ್ನು ಒಂದೊಂದಾಗಿ ಸಡಿಲಿಸಿದಳು, ಮಗುವಿನ ಕೂದಲ ಸಿಕ್ಕು ಬಿಡಿಸುವ ಹಾಗೆ. ನೂಲಿನ ನಡುವೆ ಬೆಳಕು ಸಣ್ಣಗೆ ಮಿಂಚಿತು. ಸೂಜಿ ಕತ್ತಿನುದ್ದಕ್ಕೂ ನೆಟ್ಟಗೆ ನಿಂತಿತ್ತು, ಮೊನೆ ಮೇಲ್ಮುಖವಾಗಿ, ಗದ್ದದ ಕಡೆಗೆ. ಮೊನೆಗೂ ಹೊರಗಿನ ಹೆಣಿಗೆಗೂ ನಡುವೆ ಒಂದು ಕಿತ್ತಳೆ ಚೂರು ಮಾತ್ರ ಇತ್ತು.

ಟೀಚರು ಮುಂದಿಟ್ಟ ಸಾಸರಿಗೆ ನೂಲಕ್ಕ ಅದನ್ನು ಇಳಿಸಿದಳು. ಟೀಚರು ಒಂದು ಲೋಟ ನೀರು ತಂದಿಟ್ಟರು. ಅದರಲ್ಲಿ ಅರ್ಧ ಅವರೇ ಕುಡಿದರು.

ವಾರಗಿತ್ತಿ ಬಿಳಿ ಕೋಟಿನಲ್ಲೇ ಬಂದಳು. ಅಡುಗೆಮನೆಗೆ ಬರಲಿಲ್ಲ, ನೇರ ಮಕ್ಕಳ ಕೋಣೆಗೆ. ತೆರೆದ ಬಾಗಿಲಿನಿಂದ ನೂಲಕ್ಕನಿಗೆ ಅವಳ ಬೆನ್ನು ಕಾಣುತ್ತಿತ್ತು. ಮಲಗಿದ ಮಗುವಿನ ತುಟಿ, ಒಸಡು, ಬೆರಳ ಸಂದು, ಕತ್ತು, ತೋಳಿನ ಒಳಭಾಗ, ಹೀಗೆ ಒಂದನ್ನೂ ಬಿಡದೆ ಫೋನಿನ ಬೆಳಕಲ್ಲಿ ನೋಡಿದಳು. ನೋಡಿ ಮುಗಿದ ಮೇಲೆ ನೆಲದ ಮೇಲೆ ಹಾಗೇ ಸ್ವಲ್ಪ ಹೊತ್ತು ಕೂತಳು. ಆಮೇಲೆ ಬಂದಳು. ಸಾಸರಿನಿಂದ ಸೂಜಿಯನ್ನೆತ್ತಿ ಕಿಟಕಿಗೆ ಹಿಡಿದು ಮೊನೆಯಿಂದ ಕಣ್ಣಿನವರೆಗೆ ನೋಡಿದಳು.

“ಪೂರ್ತಿ ಇದೆ. ಮುರಿದಿಲ್ಲ.”

“ಹೂಂ,” ಎಂದಳು ನೂಲಕ್ಕ.

“ಯಾವಾಗ ಗೊತ್ತಾಯ್ತು ಅಕ್ಕ?”

ನೀನು ಫೋನ್ ಎತ್ತಲಿಲ್ಲ ಎಂಬ ಮಾತು ನಾಲಗೆಯ ತುದಿಯಲ್ಲಿ ಸಿದ್ಧವಾಗಿ ಕೂತಿತ್ತು. ಸುಳ್ಳೂ ಅಲ್ಲ. ನೂಲಕ್ಕ ಅದನ್ನು ನುಂಗಿದಳು.

“ಬೆಳಿಗ್ಗೆ. ತಿಂಡಿ ಆದ್ಮೇಲೆ.”

ವಾರಗಿತ್ತಿ ಗೋಡೆಯ ಗಡಿಯಾರ ನೋಡಲಿಲ್ಲ. ತೊಟ್ಟಿಯಲ್ಲಿ ಮಕ್ಕಳು ಮಧ್ಯಾಹ್ನದ ಊಟ ಮಾಡಿದ ತಟ್ಟೆಗಳು ತೊಳೆದು ಬೋರಲಾಗಿದ್ದವು, ಅವನ್ನು ನೋಡಿದಳು.

“ಮನೆಯೆಲ್ಲ ಹುಡುಕಿದೆ ಮೊದಲು. ಅಲ್ಲೇ ಸಿಗುತ್ತೇನೋ ಅಂತ.”

“ನಮ್ಮ ಲ್ಯಾಬಲ್ಲಿ ಸೂಜಿ ಕಾಣಿಸ್ದೇ ಹೋದ್ರೆ ಮೊದಲು ಕೂಗಿ ಹೇಳ್ತೀವಿ ಅಕ್ಕ. ಎಲ್ಲರೂ ನಿಂತಲ್ಲೇ ನಿಲ್ತಾರೆ. ಹುಡುಕೋದು ಆಮೇಲೆ.” ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. “ನೀವು ಮೊದಲು ಹುಡುಕಿದ್ರಿ.”

“ನಿನಗೆ ಹೇಳೋಕೆ ಹೆದರಿದೆ.”

“ನನಗೆ ಹೆದರಿದ್ರಾ? ನಾನೇನು ಚುಚ್ತೀನಾ?” ಎಂದು, ರಕ್ತ ತೆಗೆಯುವ ತನ್ನ ಕೆಲಸ ನೆನಪಾಗಿ, “ನಿಮಗಂತೂ ಚುಚ್ಚಿಲ್ಲ,” ಎಂದಳು. ನಗುವಿನಂಥದ್ದು ಬಂದು ತುಟಿಯ ಮೇಲೆಯೇ ಕೆಟ್ಟಿತು. ಅವಳು ತಿರುಗಿ ಕಣ್ಣೊರೆಸಿಕೊಂಡಳು. “ಟೋಪಿ ವಾಪಸ್ ಕೊಟ್ಟಾಗಿನಿಂದ ನೀವು ನನ್ನ ಜೊತೆ ಪರೀಕ್ಷೆ ಬರೆಯೋ ಥರ ಮಾತಾಡ್ತೀರ. ಅದಕ್ಕೇ ಬೆಕ್ಕು ಕೇಳಿದ್ದು ನಾನು.”

ಅಷ್ಟರಲ್ಲಿ ಬಾಗಿಲ ಬಳಿ ಶಾಲು ಎಳೆದುಕೊಂಡು ಗುಬ್ಬಿ ನಿಂತಿದ್ದಳು. ಅರ್ಧ ನಿದ್ದೆಯ ಕಣ್ಣುಗಳು ಮೊದಲು ಅಮ್ಮನನ್ನು, ಆಮೇಲೆ ದೊಡ್ಡಮ್ಮನನ್ನು, ಆಮೇಲೆ ತಟ್ಟೆಯನ್ನು ಕಂಡವು.

“ಮ್ಯಾಂವ್,” ಎಂದಳು. ಹೊಟ್ಟೆ ಬರಿದಾಗಿ ಚಪ್ಪಟೆಯಾಗಿ ಬಿದ್ದ ಬೆಕ್ಕನ್ನು ಬೆರಳಲ್ಲಿ ತೋರಿಸಿದಳು. ಕೆಳತುಟಿ ಮುಂದೆ ಬಂತು. “ಮ್ಯಾಂವ್ ಆಯ್ತು?”

“ಆಗಿಲ್ಲ ಕಣೇ ಕಂದ,” ಎಂದಳು ಅವಳ ತಾಯಿ. “ಮ್ಯಾಂವ್‌ಗೆ ಹೊಟ್ಟೆನೋವು. ದೊಡ್ಡಮ್ಮ ನೋಡ್ತಿದ್ದಾರೆ.”

“ಕೊಡು.”

ಮೂವರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿದರು. ನೂಲಕ್ಕ ತಲೆಯೊಳಗೆ ಉಳಿದಿದ್ದ ಚೂರುಗಳನ್ನೂ ತೆಗೆದು, ಬೆಕ್ಕನ್ನು ಒಳಹೊರಗು ಮಾಡಿ ಕೊಡವಿದಳು. ಒಂದೊಂದು ಸುತ್ತಿನ ಮೇಲೂ ಹೆಬ್ಬೆರಳು ಒತ್ತಿ ನೋಡಿದಳು, ಕಿವಿಗಳನ್ನು ಹಿಂಡಿದಳು, ಬಾಲವನ್ನು ಉದ್ದಕ್ಕೂ ಉಜ್ಜಿದಳು. ಬಿಚ್ಚಿದ ಅಂಚಿಗೆ ಮೊಂಡು ಸೂಜಿಯಲ್ಲಿ ನೂಲೋಡಿಸಿ ಗಂಟು ಬಿಗಿದು, ಆ ಸೂಜಿಯನ್ನು ನೂಲಿನಿಂದ ಬಿಡಿಸಿ, ಎಲ್ಲರಿಗೂ ಕಾಣುವಂತೆ ಸಾಸರಿನಲ್ಲಿ ಇನ್ನೊಂದರ ಪಕ್ಕ ಇಟ್ಟಳು. ಬೆಕ್ಕನ್ನು ಮಗುವಿಗೆ ಕೊಡಲಿಲ್ಲ. ಮಗುವಿನ ತಾಯಿಗೆ ಕೊಟ್ಟಳು.

ವಾರಗಿತ್ತಿ ಅದನ್ನು ತೆಗೆದುಕೊಂಡು ಮೊದಲಿನಿಂದ ಶುರುಮಾಡಿದಳು. ಯಾರೂ ಇನ್ನೂ ಮುಟ್ಟಿ ನೋಡಿಯೇ ಇಲ್ಲವೆಂಬಂತೆ, ಕಿವಿ, ಕತ್ತು, ಕಾಲು, ಬಾಲ. ನೂಲಕ್ಕ ಕೈಕಟ್ಟಿ ನಿಂತು ಕಾದಳು. ನೋವಾಯಿತು. ನೋಡಲಿ, ಇನ್ನೊಂದು ಸಲ ಬೇಕಾದರೂ ನೋಡಲಿ ಎಂದೂ ಅನಿಸಿತು.

ಗುಬ್ಬಿಗೆ ಬೆಕ್ಕು ಸಿಕ್ಕಿತು. ಅದು ಈಗ ಕರವಸ್ತ್ರದಷ್ಟೇ ದಪ್ಪವಿತ್ತು. ಅವಳು ಅದನ್ನು ಒಮ್ಮೆ ಕೊಡವಿ ನೋಡಿದಳು, ಹೆಗಲ ಮೇಲೆ ಹಾಕಿಕೊಂಡಳು, ಎಡಗಿವಿ ಹುಡುಕಿ ಬಾಯಲ್ಲಿಟ್ಟುಕೊಂಡಳು. ಟೀಚರು ಅವಳನ್ನೆತ್ತಿಕೊಂಡು ಹೊರಗೆ ಹೋದರು.

“ಮತ್ತೆ ತುಂಬ್ತೀರಾ ಅದಕ್ಕೆ?” ವಾರಗಿತ್ತಿ ಕೇಳಿದಳು.

“ನೀನು ಹೇಳಿದ್ರೆ. ನಿನ್ನ ಎದುರಿಗೇ ಕೂತು.”

“ನೋಡೋಣ.”

ಅದು ಹೂಂ ಎಂದೋ ಉಹೂಂ ಎಂದೋ ನೂಲಕ್ಕನಿಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ತಟ್ಟೆಯ ತುಂಬ ಚೂರುಗಳ ರಾಶಿ ಹಾಗೇ ಇತ್ತು. ಅಭ್ಯಾಸಬಲದಿಂದ ಅವಳ ಕೈ ಅದನ್ನು ಒಂದೇ ಬೊಗಸೆಯಲ್ಲಿ ಬಾಚಲು ಮುಂದೆ ಹೋಗಿ ನಿಂತಿತು. ಅವಳು ಕುರ್ಚಿ ಎಳೆದು ಕೂತು ಒಂದು ಚಿಟಿಕೆ ಎತ್ತಿ, ಬೆರಳ ನಡುವೆ ಉಜ್ಜಿ, ಪಕ್ಕಕ್ಕಿಟ್ಟಳು. ಇನ್ನೊಂದು ಚಿಟಿಕೆ. ವಾರಗಿತ್ತಿ ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ಕೋಟಿನ ತೋಳು ಮಡಚಿ, ಎದುರಿನ ಕುರ್ಚಿಯಲ್ಲಿ ಕೂತು, ಅರ್ಧ ರಾಶಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಮನೆಗೆ ಇದ್ದದ್ದು ಒಂದೇ ಚೂಪು ಸೂಜಿ. ಎರಡನೆಯದು ಅಲ್ಲಿರಲು ಸಾಧ್ಯವಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಇಬ್ಬರೂ ತಲೆಯೆತ್ತದೆ, ಒಂದೊಂದೇ ಎಳೆ ಬೆಳಕಿಗೆ ಹಿಡಿದು ನೋಡುತ್ತ ಕೂತರು.